ಕೋಸಿನ ಕಹಿಯೇ ಬೇರೆ, ಹಾಗಲದ ಕಹಿಯೇ ಬೇರೆ

ಮಂಡ್ಯದ ಓದುಗರೊಬ್ಬರ ಪತ್ರದ ಸಾರಾಂಶ: ‘ನನ್ನ ಹತ್ತು ವರ್ಷದ ಮಗಳು ಎಲೆಕೋಸಿನ ಪಲ್ಯವನ್ನೂ ನವಿಲುಕೋಸಿನ ಹುಳಿಯನ್ನೂ ಕಹಿಯೆಂದು ತಟ್ಟೆಯ ಅಂಚಿಗೆ ಸರಿಸುತ್ತಾಳೆ. ಆದರೆ ಹಾಗಲಕಾಯಿ ಗೊಜ್ಜನ್ನು ಕೇಳಿ ಹಾಕಿಸಿಕೊಳ್ಳುತ್ತಾಳೆ. ಹಾಗಲ ತಿನ್ನುವವಳಿಗೆ ಕೋಸು ಕಹಿಯಾದೀತೇ, ಇದು ಬರೀ ಹಟ ಎನ್ನುತ್ತಾರೆ ನಮ್ಮ ಅತ್ತೆಯವರು. ತಾವೇನು ಹೇಳುತ್ತೀರಿ?’

ಮಾನ್ಯರೇ,

ತಮ್ಮ ಅತ್ತೆಯವರ ತರ್ಕ ಮೇಲುನೋಟಕ್ಕೆ ಗಟ್ಟಿಯಾಗಿದೆ. ಆದರೆ ಕಹಿಯೆಂಬುದು ಒಂದೇ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ನಮ್ಮ ನಾಲಗೆಯಲ್ಲಿ ಕಹಿಯನ್ನು ಗುರುತಿಸುವ ಗ್ರಾಹಕಗಳು ಸುಮಾರು 25 ಬಗೆಯವು, ಒಂದೊಂದು ಗ್ರಾಹಕವೂ ತನಗೆ ಹೊಂದುವ ವಸ್ತುಗಳಿಗೆ ಮಾತ್ರ ಸ್ಪಂದಿಸುತ್ತದೆ.

1931ರಲ್ಲಿ ಅಮೆರಿಕದ ಡುಪಾಂಟ್ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞರು ಪಿಟಿಸಿ ಎಂಬ ಪುಡಿಯನ್ನು ಸುರಿಯುವಾಗ ಅದರ ಧೂಳು ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಬಾಯೆಲ್ಲ ಕಹಿಯಾಯಿತೆಂದು ದೂರಿದರು. ಇನ್ನೂ ಹತ್ತಿರದಲ್ಲಿದ್ದ ಫಾಕ್ಸ್‌ಗೆ ಏನೂ ತಿಳಿಯಲಿಲ್ಲ. ಇಬ್ಬರೂ ಪುಡಿಯನ್ನು ನೆಕ್ಕಿ ನೋಡಿ ವಾದಿಸಿದರಂತೆ, ತಮ್ಮ ಮನೆಯ ಊಟದ ಹೊತ್ತಿನ ಹಾಗೆಯೇ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣವಾದ, ಕಹಿಯ ಗ್ರಾಹಕಗಳಲ್ಲೊಂದನ್ನು ರೂಪಿಸುವ ಟಿಎಎಸ್2ಆರ್38 ಎಂಬ ವಂಶವಾಹಿ ಪತ್ತೆಯಾದದ್ದು 2003ರಲ್ಲಿ. ಅದರಲ್ಲಿ ಸಾಮಾನ್ಯವಾಗಿ ಕಾಣುವ ಎರಡು ರೂಪಗಳಲ್ಲಿ ಒಂದು ಚುರುಕು, ಇನ್ನೊಂದು ಮಂದ. ತಂದೆಯಿಂದಲೂ ತಾಯಿಯಿಂದಲೂ ಚುರುಕಿನ ರೂಪವೇ ಬಂದವರಿಗೆ ಪಿಟಿಸಿ ಅಸಹ್ಯವೆನಿಸುವಷ್ಟು ಕಹಿ.

ಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ ಇವೆಲ್ಲ ಒಂದೇ ಕುಲದವು. ಇವುಗಳಲ್ಲಿರುವ ಗಂಧಕಯುಕ್ತ ವಸ್ತುಗಳಿಂದ ಹುಟ್ಟುವ ಕೆಲವು ಅಣುಗಳು ಪಿಟಿಸಿಯನ್ನು ಹೋಲುವುದರಿಂದ ಇದೇ ಗ್ರಾಹಕವನ್ನು ತಟ್ಟುತ್ತವೆ. ಹಾಗಲದ ಕಹಿ ಕುಕುರ್ಬಿಟೇನ್ ಎಂಬ ಬೇರೊಂದು ವಂಶದ ರಾಸಾಯನಿಕಗಳದ್ದು. ಆದ್ದರಿಂದ ತಮ್ಮ ಮಗಳ ಮಾತಿನಲ್ಲಿ ವಿರೋಧಾಭಾಸವೇನೂ ಇಲ್ಲ. ಹಾಗೆಂದು ಪರೀಕ್ಷೆಯಿಲ್ಲದೆ ಎಲ್ಲವನ್ನೂ ವಂಶವಾಹಿಯ ತಲೆಗೆ ಕಟ್ಟುವುದೂ ತರವಲ್ಲ. ಗೊಜ್ಜಿನಲ್ಲಿ ಬೆಲ್ಲವಿದೆ, ಹುಣಸೆಯಿದೆ, ಎಲ್ಲಕ್ಕಿಂತ ಮಿಗಿಲಾಗಿ ಉಪ್ಪಿದೆ. ಉಪ್ಪು ಕಹಿಯನ್ನು ಅದುಮಿ ಸಿಹಿಯನ್ನು ಮೇಲೆತ್ತುತ್ತದೆಂಬುದು ಪ್ರಯೋಗಗಳಿಂದ ಸಿದ್ಧವಾಗಿದೆ. ಹೆಚ್ಚಿದ ಹಾಗಲಕ್ಕೆ ಉಪ್ಪು ಬೆರೆಸಿಟ್ಟು ಹಿಂಡುವ ನಮ್ಮ ಹಿರಿಯರು ಕಹಿ ರಸವನ್ನು ತೆಗೆಯುವುದರ ಜೊತೆಗೆ ಈ ಕೆಲಸವನ್ನೂ ಮಾಡುತ್ತಿದ್ದರು.

ವಯಸ್ಸಿನ ಮಾತನ್ನೂ ಮರೆಯುವಂತಿಲ್ಲ. ಒಂದೇ ಬಗೆಯ ವಂಶವಾಹಿಯಿದ್ದರೂ ಮಕ್ಕಳಿಗೆ ದೊಡ್ಡವರಿಗಿಂತ ಕಹಿ ಹೆಚ್ಚು ತಾಗುವುದುಂಟು. ವೃದ್ಧಾಪ್ಯದಲ್ಲಿ ರುಚಿಯ ಚುರುಕು ಕುಗ್ಗುತ್ತದೆ. ಅಜ್ಜಿಯೂ ಮೊಮ್ಮಗಳೂ ಉಣ್ಣುವುದು ಒಂದೇ ಬಾಣಲೆಯ ಪಲ್ಯವಾದರೂ ಇಬ್ಬರ ಬಾಯಿಗೂ ಅದು ಒಂದೇ ಅಲ್ಲ.

ನಾಲಗೆ ಹುಟ್ಟಿನಿಂದ ಬಂದದ್ದೆಂದು ಕೋಸನ್ನು ಕೈಬಿಡಬೇಕಿಲ್ಲ. ಕಾಫಿಯ ಕಹಿ ಡಿಕಾಕ್ಷನ್ನನ್ನು ಮೊದಲ ಗುಟುಕಿಗೇ ಮೆಚ್ಚಿದವರನ್ನು ನಾನು ಕಂಡಿಲ್ಲ. ಮೈಸೂರಿನಲ್ಲಿ ಅದಿಲ್ಲದೆ ಬೆಳಗಾಗದವರು ಮಾತ್ರ ಬೇಕಾದಷ್ಟು ಮಂದಿ. ಗದರದೆ, ಒಂದೆರಡು ತುತ್ತಿನಷ್ಟನ್ನು ಎಂಟು ಹತ್ತು ಬಾರಿ ಬಡಿಸಿದ ಮೇಲೆ ಮಕ್ಕಳು ಒಪ್ಪಿಕೊಳ್ಳುವುದು ಸಾಮಾನ್ಯ. ಕೋಸನ್ನು ಹೆಚ್ಚು ಹೊತ್ತು ಬೇಯಿಸಿದಷ್ಟೂ ಗಂಧಕದ ವಾಸನೆ ಏಳುತ್ತದೆ. ಆದ್ದರಿಂದ ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ, ಬಿರುಸು ಉಳಿದಿರುವಾಗಲೇ ಇಳಿಸಿ, ಮೇಲೆ ಧಾರಾಳವಾಗಿ ತೆಂಗಿನತುರಿ ಉದುರಿಸಿ ನೋಡಿ. ಒಗ್ಗರಣೆಯಲ್ಲಿ ಸಾಸಿವೆ ಸ್ವಲ್ಪ ಕಡಿಮೆಯಿರಲಿ, ಅದೂ ಕೋಸಿನ ನೆಂಟನೇ.

— ಸಂಪಾದಕ