ನ್ಯೂರಾನ್‌ಗಳ (ನರಕೋಶಗಳ) ಸಿಗ್ನಲ್ ಎಲ್ಲಾ ಒಂದೇ ಥರ ಇದ್ರೆ, ಬೆಳಕು ಯಾವ್ದು ಶಬ್ದ ಯಾವ್ದು ಅಂತ ಮೆದುಳಿಗೆ ಹೇಗೆ ಗೊತ್ತಾಗುತ್ತೆ?

ಪ್ರಶ್ನೆ: ಕಣ್ಣಿಂದ ಹೋಗೋದೂ ಕರೆಂಟೇ, ಕಿವಿಯಿಂದ ಹೋಗೋದೂ ಕರೆಂಟೇ ಅಂತಾರೆ. ಹಾಗಾದ್ರೆ ಮೆದುಳು ಇದನ್ನ ಹೇಗೆ ಬೇರೆ ಮಾಡುತ್ತೆ ಸರ್? ಇನ್ನೊಂದು, ಮೈಮೇಲೆ ಹಾಕ್ಕೊಂಡಿರೋ ಬಟ್ಟೆ ಸ್ವಲ್ಪ ಹೊತ್ತಾದ್ಮೇಲೆ ಗೊತ್ತೇ ಆಗಲ್ಲ, ಯಾಕೆ?

ಉತ್ತರ: ತುಂಬಾ ಒಳ್ಳೇ ಪ್ರಶ್ನೆ, ಎರಡಕ್ಕೂ ನಂಟಿದೆ.

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಕಣ್ಣು ಮುಚ್ಚಿ, ರೆಪ್ಪೆ ಮೇಲಿಂದ ಕಣ್ಣಿನ ಹೊರತುದೀನ ಬೆರಳಲ್ಲಿ ಮೆಲ್ಲಗೆ ಒತ್ತಿ (ಜೋರಾಗಿ ಬೇಡ, ಲೆನ್ಸ್ ಹಾಕಿದ್ರೆ ಅಥವಾ ಕಣ್ಣಿನ ತೊಂದ್ರೆ ಇದ್ರೆ ಮಾಡ್ಲೇಬೇಡಿ). ಮೂಗಿನ ಕಡೆ ಒಂದು ಮಬ್ಬು ಬೆಳಕಿನ ಉಂಗುರ ಕಾಣಿಸುತ್ತೆ. ಅಲ್ಲಿ ಬೆಳಕೇ ಇಲ್ಲ, ಇದ್ದಿದ್ದು ಬೆರಳಿನ ಒತ್ತಡ ಅಷ್ಟೇ, ಆದ್ರೂ ಸಿಗ್ನಲ್ ಕಣ್ಣಿನ ನರದಲ್ಲಿ ಬಂತಲ್ಲ, ಅದಕ್ಕೆ ಮೆದುಳು ಅದನ್ನ ಬೆಳಕು ಅಂತಾನೇ ತಗೊಳ್ಳುತ್ತೆ. ಅಂದ್ರೆ ಸಿಗ್ನಲ್ ಯಾವ ದಾರಿಯಲ್ಲಿ ಬಂತು ಅನ್ನೋದೇ ಅರ್ಧ ಸುದ್ದಿ.

ಇನ್ನರ್ಧ, ಸೆಕೆಂಡಿಗೆ ಎಷ್ಟು ಸಿಗ್ನಲ್ ಬಂತು ಅನ್ನೋ ಎಣಿಕೆಯಲ್ಲಿದೆ. ಸುಮ್ನಿರೋ ನ್ಯೂರಾನ್ ಒಳಗೆ ಸುಮಾರು ಮೈನಸ್ 70 ಮಿಲಿವೋಲ್ಟ್ ಇರುತ್ತೆ, ಅದಕ್ಕೆ ಬೇರೆ ನ್ಯೂರಾನ್‌ಗಳು ಸಾವಿರಾರು ಕಡೆಯಿಂದ, ಕೆಲವು ‘ಸಿಗ್ನಲ್ ಹೊಡಿ’ ಅಂತ, ಕೆಲವು ‘ಬೇಡ’ ಅಂತ ಒತ್ತಾಯ ಮಾಡ್ತಾ ಇರ್ತವೆ, ಅದೆಲ್ಲಾ ಕೂಡಿ ಕಳೆದು ಸುಮಾರು ಮೈನಸ್ 55 ದಾಟಿದ್ರೆ ಮಾತ್ರ ಒಂದು ಸ್ಪೈಕ್ (ಕರೆಂಟಿನ ಒಂದು ಚಿಕ್ಕ ಮಿಡಿತ) ಬರುತ್ತೆ, ಬರೀ 1 ಮಿಲಿಸೆಕೆಂಡ್ ಆಸುಪಾಸು. ದಾಟ್ಲಿಲ್ಲ ಅಂದ್ರೆ ಏನೂ ಇಲ್ಲ, ಅರ್ಧಂಬರ್ಧ ಸ್ಪೈಕ್ ಅನ್ನೋದೇ ಇಲ್ಲ. ಇದನ್ನ ನೋಡಿ ಮೆದುಳು ಕಂಪ್ಯೂಟರ್ ಥರ ಸೊನ್ನೆ-ಒಂದು ಅಂತ ಸುಮಾರು ಜನ ಬರೀತಾರೆ, ನನಗೆ ಅದು ಸರಿ ಅನ್ಸಲ್ಲ, ಯಾಕಂದ್ರೆ ಆ ಕೂಡಿ ಕಳೆಯೋ ಕೆಲಸ ಸೊನ್ನೆ-ಒಂದರಲ್ಲಿ ನಡೆಯಲ್ಲ, ಏರಿಳಿತದಲ್ಲಿ ನಡೆಯುತ್ತೆ.

1926ರಲ್ಲಿ ಎಡ್ಗರ್ ಏಡ್ರಿಯನ್ ಮತ್ತು ಇಂಗ್ವೆ ಜೊಟರ್ಮನ್ ಅನ್ನೋ ವಿಜ್ಞಾನಿಗಳು ಕಪ್ಪೆಯ ಸ್ನಾಯುವಿಗೆ ತೂಕ ನೇತುಹಾಕಿ ಅದರ ನರದ ಸಿಗ್ನಲ್ ಅಳೆದ್ರು. ತೂಕ ಜಾಸ್ತಿ ಮಾಡಿದ್ರೂ ಒಂದೊಂದು ಸ್ಪೈಕಿನ ಸೈಜ್ ಬದಲಾಗ್ಲಿಲ್ಲ, ಆದ್ರೆ ಸೆಕೆಂಡಿಗೆ ಬರೋ ಸ್ಪೈಕ್‌ಗಳು ಜಾಸ್ತಿ ಆದ್ವು. ಎಷ್ಟು ಭಾರ ಅನ್ನೋದನ್ನ ನರ ಹೇಳೋದೇ ಹೀಗೆ. ಏಡ್ರಿಯನ್‌ಗೆ 1932ರಲ್ಲಿ ನೊಬೆಲ್ ಬಂತು.

ಕೆಲವು ಕಡೆ ಎಣಿಕೆ ಸಾಕಾಗಲ್ಲ, ಟೈಮಿಂಗ್ ಬೇಕು. ಶಬ್ದ ಎಡಗಡೆಯಿಂದ ಬಂದ್ರೆ ಎಡಗಿವಿಗೆ ಒಂಚೂರು ಮೊದಲು ತಲುಪುತ್ತೆ, ಆ ವ್ಯತ್ಯಾಸ ಸೆಕೆಂಡಿನ 1 ಲಕ್ಷದಲ್ಲಿ 1 ಭಾಗದಷ್ಟಿದ್ರೂ ಚೆನ್ನಾಗಿ ಕೇಳಿಸ್ಕೊಳ್ಳೋರು ಹಿಡೀತಾರೆ!

ಈಗ ನಿಮ್ಮ ಬಟ್ಟೆ ವಿಷ್ಯ. ಅದೇ ಕಪ್ಪೆ ಪ್ರಯೋಗದಲ್ಲಿ ತೂಕ ಹಾಗೇ ಬಿಟ್ರೆ ಸ್ಪೈಕ್‌ಗಳು ತಾವಾಗೇ ಕಮ್ಮಿ ಆಗ್ತಾ ಬಂದ್ವು. ಚರ್ಮದ ನರಗಳೂ ಹಾಗೇ, ಮುಟ್ಟಿದ ತಕ್ಷಣ ಜೋರಾಗಿ ಹೊಡೀತವೆ, ಆಮೇಲೆ ಕೆಲವು ನಿಧಾನ ಆಗ್ತವೆ, ಕೆಲವು ಪೂರ್ತಿ ಸುಮ್ನಾಗ್ತವೆ. ತೋಳನ್ನ ಸ್ವಲ್ಪ ಅಲ್ಲಾಡಿಸಿ ನೋಡಿ, ಬಟ್ಟೆ ಜರುಗಿದ ತಕ್ಷಣ ಮತ್ತೆ ಗೊತ್ತಾಗುತ್ತೆ.