ಚೌಡಿ ಕಾಟ ಅನ್ನುತ್ತಿದ್ದ ಕಾಲದಿಂದ ಇಲ್ಲಿಯವರೆಗೆ ಮಾನಸಿಕ ಕಾಯಿಲೆಯ ಚಿಕಿತ್ಸೆ ಹೇಗೆ ಬದಲಾಯಿತು?

ದೊಡ್ಡ ತಿರುವು ಬಂದದ್ದು 1950ರ ಆಸುಪಾಸಿನಲ್ಲಿ, ಔಷಧಿಗಳು ಬಂದಾಗ. ಕಾರಣ ಹುಡುಕುವ ಪ್ರಯತ್ನ ಮಾತ್ರ ಬಹಳ ಹಳೆಯದು: ಆಯುರ್ವೇದದ ಚರಕ ಸಂಹಿತೆ ಉನ್ಮಾದವನ್ನು (ಬುದ್ಧಿ ಕೆಡುವುದನ್ನು) ಐದು ಬಗೆ ಮಾಡಿ, ನಾಲ್ಕಕ್ಕೆ ದೇಹದ ದೋಷವನ್ನೇ ಹೇಳಿತ್ತು. ಬ್ರಿಟಿಷರ 1912ರ ಕಾಯ್ದೆಗೆ ಚಿಕಿತ್ಸೆಗಿಂತ ಕೂಡಿಹಾಕುವುದೇ ಮುಖ್ಯವಾಗಿತ್ತು.

1938ರಲ್ಲಿ ರೋಮ್‌ನಲ್ಲಿ ತಲೆಗೆ ವಿದ್ಯುತ್ ಹಾಯಿಸುವ ಕರೆಂಟು ಚಿಕಿತ್ಸೆ ಶುರುವಾಯಿತು. ಆಗ ಅರಿವಳಿಕೆ ಇಲ್ಲದೆ ಕೊಟ್ಟು ಮೂಳೆ ಮುರಿದದ್ದೂ ಉಂಟು. ನಮ್ಮ 2017ರ ಕಾಯ್ದೆ ಹಾಗೆ ಕೊಡುವುದನ್ನೂ ರೋಗಿಗೆ ಸರಪಳಿ ಹಾಕುವುದನ್ನೂ ನಿಷೇಧಿಸಿದೆ.

ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಮೇನಿಯಾಕ್ಕೆ, ಅಂದರೆ ಮಿತಿಮೀರಿದ ಉದ್ರೇಕದ ಕಾಯಿಲೆಗೆ, ಲಿಥಿಯಂ ಕೊಟ್ಟ ಫಲವನ್ನು 1949ರಲ್ಲಿ ಪ್ರಕಟಿಸಿದರು. 1952ರಲ್ಲಿ ಪ್ಯಾರಿಸ್‌ನಲ್ಲಿ ಭ್ರಮೆ, ಉದ್ರೇಕ ತಗ್ಗಿಸುವ ಕ್ಲೋರ್‌ಪ್ರೊಮಜೈನ್ ಬಳಕೆಗೆ ಬಂತು. ಲಿಥಿಯಂ ಇಂದಿಗೂ ಒಳ್ಳೆಯ ಔಷಧಿ, ಆದರೆ ಅಳತೆ ತಪ್ಪಬಾರದು. ಅದನ್ನು ನೋಡಲು ಕೊನೆಯ ಮಾತ್ರೆ ನುಂಗಿ 12 ಗಂಟೆಯ ನಂತರ ಪರೀಕ್ಷೆಗೆ ರಕ್ತ ಕೊಡಬೇಕು. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಸರಿ. ವಾಂತಿಭೇದಿಯಾಗಿ ನೀರು ಕಡಿಮೆಯಾದರೆ, ಬೆನ್ನುನೋವಿಗೆಂದು ಐಬುಪ್ರೊಫೇನ್ ನುಂಗಿದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗಿ ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

1985ರಲ್ಲಿ ಬಳ್ಳಾರಿಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಚಿಕಿತ್ಸೆ ಕೊಡಿಸಿ ತೋರಿಸಿದ್ದು ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನನ್ನ ದೃಷ್ಟಿಯಲ್ಲಿ ಮಾತ್ರೆಯಷ್ಟೇ ದೊಡ್ಡ ಹೆಜ್ಜೆ ಇದು. ಹೊಸನಗರ, ತೀರ್ಥಹಳ್ಳಿಯ ಒಂಟಿ ಮನೆಗಳವರಿಗೆ ದೂರವೇ ಮೊದಲ ತೊಡಕು. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ, ‘ಈಗ ಹುಷಾರಾಗಿದಾನಲ್ಲ’ ಎಂದು ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಚೌಡಿಗೆ ಪೂಜೆ ಮಾಡಿಸಿ, ಬೇಡ ಅನ್ನುವುದಿಲ್ಲ, ಮಾತ್ರೆ ತಪ್ಪಿಸಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಫೋನಿನಲ್ಲೇ ಕೇಳಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 14416.