ಅಂತ್ಯ, ಮುಕ್ತಾಯ, ಸಮಾರೋಪ, ಮಂಗಳ: ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು?

ಅರ್ಥಕೋಶ ನೋಡಿದರೆ ಎಲ್ಲವೂ ‘ಕೊನೆ’ಯೇ. ಬಳಕೆಯಲ್ಲಿ ಮಾತ್ರ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಸಾಹಿತ್ಯ ಸಮ್ಮೇಳನದ ಆಮಂತ್ರಣದಲ್ಲಿ ಕೊನೆಯ ದಿನ ಇರುವುದು ‘ಸಮಾರೋಪ ಸಮಾರಂಭ’. ಅಲ್ಲಿ ‘ಅಂತ್ಯ ಸಮಾರಂಭ’ ಎಂದು ಅಚ್ಚಾದರೆ ಅಂತ್ಯಕ್ರಿಯೆಯ ನೆನಪಾಗುತ್ತದೆ! ಅರ್ಜಿ ಸಲ್ಲಿಸುವ ಅವಧಿಗೆ ‘ಮುಕ್ತಾಯ’ ಸಾಕು. ಕಥೆ, ಯುಗ, ಆಳ್ವಿಕೆಗಳಿಗೆ ‘ಅಂತ್ಯ’ ಒಪ್ಪುತ್ತದೆ.

ನನಗೆ ಇಷ್ಟವಾದದ್ದು ‘ಮಂಗಳ’. ಇಡೀ ರಾತ್ರಿಯ ಯಕ್ಷಗಾನ ಬೆಳಗಿನ ಜಾವ ಮುಗಿಯುವುದು ಮಂಗಳದ ಹಾಡಿನಿಂದ, ಹರಿಕಥೆಯೂ ಹಾಗೆಯೇ. ಆ ಶುಭದ ಪದವೇ ಮಾತಿನಲ್ಲಿ ವ್ಯಂಗ್ಯವಾಯಿತು: ‘ಆ ಯೋಜನೆಗೆ ಮಂಗಳ ಹಾಡಿದರು’ ಎಂದರೆ ಕೈಬಿಟ್ಟರು ಎಂದೇ ಅರ್ಥ. ‘ಇತಿಶ್ರೀ’ಗೂ ಇದೇ ಗತಿ. ‘ಎಳ್ಳುನೀರು ಬಿಟ್ಟರು’ ಎಂದರೆ ಇನ್ನು ಆಸೆಯೇ ಬೇಡ.

‘ದುರಂತ’ದ ದಾರಿ ಬೇರೆ. ದುರ್ ಮತ್ತು ಅಂತ ಸೇರಿ ಆದದ್ದು ಕೆಟ್ಟ ಕೊನೆ. ವಿಮರ್ಶಕರಿಗೆ ಇದು ನಾಟಕದ ಒಂದು ಬಗೆಯೂ ಹೌದು. ಪತ್ರಿಕೆಗಳಲ್ಲಿ ರೈಲು ಹಳಿ ತಪ್ಪಿದರೂ ದುರಂತವೇ, ಅಲ್ಲಿ ಕೊನೆಯ ಸುಳಿವೇ ಇಲ್ಲ. ಹಾಗಾಗಿ ಕಥೆಯ ಬಗ್ಗೆ ಬರೆಯುವಾಗ ‘ದುಃಖಾಂತ’ ಎನ್ನುವುದೇ ಸ್ಪಷ್ಟ. ಅದರ ಎದುರಿಗೆ ‘ಸುಖಾಂತ’ವೂ ಸಿದ್ಧವಾಗಿದೆ.

ಅಜ್ಜಿಯರಿಗೆ ಇದಾವುದೂ ಬೇಕಿರಲಿಲ್ಲ. ‘ಅವರು ಅಲ್ಲಿ ಸುಖವಾಗಿದ್ದರು, ನಾವು ಇಲ್ಲಿ ಹೀಗಿದ್ದೇವೆ, ಮಲಗು’ ಎಂದು ದೀಪ ಆರಿಸುತ್ತಿದ್ದರು.